ಮೇಲಿನ ಸೆಟ್ ಕಾಲೇಜಿನದು, ಕೆಳಗಿನದು ನನ್ನದು

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗಿನ ಮಾತು. ನಾನಾಗ ಒಂದು ದಂತವೈದ್ಯಕೀಯ ಕಾಲೇಜಿನಲ್ಲಿ ಪ್ರಾಸ್ತೊಡಾಂಟಿಕ್ಸ್, ಅಂದರೆ ಕೃತಕ ಹಲ್ಲು ಕೂರಿಸುವ ವಿಭಾಗದ ಮುಖ್ಯಸ್ಥೆ. ಕಾಲೇಜಿನ ಅನುಮತಿ ಪಡೆದು ಸಂಜೆ ಆರರಿಂದ ಎಂಟರವರೆಗೆ ಕುಂದಗೋಳದಲ್ಲಿ ಸಣ್ಣದೊಂದು ಕ್ಲಿನಿಕ್ಕನ್ನೂ ನಡೆಸುತ್ತಿದ್ದೆ.

ಆ ವರ್ಷ ಒಬ್ಬಿಬ್ಬರು ಅಧ್ಯಾಪಕರು ಕಾಲೇಜಿನ ರೋಗಿಗಳ ಕಿವಿಯಲ್ಲಿ ‘ಸಂಜಿಗೆ ನಮ್ಮ ಕ್ಲಿನಿಕ್ಕಿಗೆ ಬರ್ರಿ’ ಎನ್ನುತ್ತಿದ್ದಾರೆಂದು ದೂರು ಬಂತು. ಖಾಸಗಿ ಪ್ರಾಕ್ಟೀಸಿಗೆ ನಿಯಮಾವಳಿ ಬರೆಯುವ ಕೆಲಸವನ್ನು ಪ್ರಾಚಾರ್ಯರು ನನಗೆ ಒಪ್ಪಿಸಿದರು. ಹನ್ನೊಂದು ನಿಯಮ ಬರೆದೆ. ಏಳನೆಯದು ನನಗೆ ಬಹಳ ಹಿಡಿಸಿತ್ತು: ಕಾಲೇಜಿನಲ್ಲಿ ನೋಂದಾಯಿಸಿದ ರೋಗಿಗೆ ಯಾವ ಅಧ್ಯಾಪಕರೂ ತಮ್ಮ ಕ್ಲಿನಿಕ್ಕಿನಲ್ಲಿ ಹಣ ಪಡೆದು ಚಿಕಿತ್ಸೆ ಕೊಡಕೂಡದು, ಕೊಟ್ಟರೆ ಅನುಮತಿ ರದ್ದು. “ಇದರಾಗ ಉಸಿರಾಡಾಕೂ ಜಾಗ ಇಲ್ಲಲ್ರಿ ಮೇಡಂ” ಎಂದು ಸಹೋದ್ಯೋಗಿಯೊಬ್ಬರು ಅಂದಾಗ ಹೊಗಳಿಕೆ ಎಂದುಕೊಂಡೆ.

ನಿಯಮ ಜಾರಿಯಾಗಿ ಎರಡು ತಿಂಗಳಿಗೆ ಹತ್ತಿರದ ಯರಗುಪ್ಪಿಯ ಮಕ್ತುಂಸಾಬ ಮಾಸ್ತರು ಕ್ಲಿನಿಕ್ಕಿಗೆ ಬಂದರು. ಕನ್ನಡ ಶಾಲೆಯ ನಿವೃತ್ತ ಹೆಡ್‌ಮಾಸ್ತರು. ಬಾಯಲ್ಲಿ ಮೇಲೆ ಹಲ್ಲಿನ ಸೆಟ್, ಕೆಳಗೆ ಬರೀ ಒಸಡು.

“ಮೇಲಿಂದು ಚಲೋ ಮಾಡ್ಯಾರ. ಎಲ್ಲಿ ಮಾಡಿಸಿದ್ರಿ?” ಎಂದೆ.

“ನಿಮ್ಮ ಕಾಲೇಜಿನಾಗರಿ. ಆಗ ಕೆಳಗಿನ ಹಲ್ಲು ಇದ್ದೂ, ಈಗ ಅವೂ ಹೋದೂವು. ಮತ್ತ ಆರ್ ಸಲ ಬಸ್ ಹತ್ತಿ ಅಲ್ಲಿಗೆ ಹೋಗೂದು ನನ್ನ ಮೊಣಕಾಲಿಗೆ ಆಗೂದಿಲ್ರಿ. ಬರೂ ತಿಂಗಳು ಮೊಮ್ಮಗಳ ಮದಿವಿ. ಮಂದಿ ಎಲ್ಲಾ ಉಣ್ಣುವಾಗ ನಾ ಗಂಜಿ ಕುಡಕೋಂತ ಕುಂದ್ರಲೇನ್ರಿ?”

ಏಳನೆಯ ನಿಯಮ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು; ಪಕ್ಕಕ್ಕೆ ಸರಿಸಿ ಅಳತೆ ತೆಗೆದುಕೊಂಡೆ. ಮೂರು ವಾರದಲ್ಲಿ ಸೆಟ್ ಕೊಟ್ಟೆ, ಫೀಸನ್ನೂ ಪಡೆದೆ.

ಮದುವೆ ಮುಗಿದ ವಾರ ಪ್ರಾಚಾರ್ಯರು ಕರೆದರು. ಮೇಜಿನ ಮೇಲೆ ಮಾಸ್ತರ ದುಂಡು ಅಕ್ಷರದ ಪತ್ರ. ಮೇಲಿನ ಸೆಟ್ ತಮ್ಮ ಕಾಲೇಜಿನಲ್ಲಿ, ಕೆಳಗಿನದು ತಮ್ಮವರೇ ಆದ ಮೇಡಮ್ಮನವರ ಕ್ಲಿನಿಕ್ಕಿನಲ್ಲಿ ಆಗಿದೆ, ಎರಡೂ ಚೆನ್ನಾಗಿ ಹೊಂದಿಕೊಂಡಿವೆ, ಇಂಥವರಿಗೆ ಬಡ್ತಿ ಕೊಡಬೇಕು ಎಂದು ಬರೆದಿದ್ದರು. ಆಧಾರಕ್ಕಿರಲೆಂದು ಕಾಲೇಜಿನ ನೋಂದಣಿ ಸಂಖ್ಯೆಯನ್ನೂ ನನ್ನ ರಸೀದಿಯ ಸಂಖ್ಯೆಯನ್ನೂ ನಮೂದಿಸಿದ್ದರು. ಇಷ್ಟು ಅಚ್ಚುಕಟ್ಟಾದ ಸಾಕ್ಷ್ಯವನ್ನು ವೈರಿಗಳೂ ಒದಗಿಸಲಾರರು.

ನಿಯಮ ಮುರಿದವರ ವಿಚಾರಣಾ ಸಮಿತಿಯ ಕಾರ್ಯದರ್ಶಿಯೂ ನಾನೇ. ಹೀಗಾಗಿ ನನಗೆ ನಾನೇ ನೋಟಿಸ್ ಬರೆದು ಸಹಿ ಹಾಕಿ, ಕೆಳಗೆ ‘ತಲುಪಿದೆ’ ಎಂದು ಇನ್ನೊಂದು ಸಹಿ ಹಾಕಿದೆ. ಆಮೇಲೆ ಆ ಸ್ಥಾನ ಬಿಟ್ಟು ಎದುರಿನ ಕುರ್ಚಿಗೆ ಹೋದೆ.

ಮಾಸ್ತರನ್ನು ಕರೆತರಲು ಕಾಲೇಜಿನ ಗಾಡಿಯೇ ಹೋಯಿತು. ಗಾಡಿ ಬಂದದ್ದು ನೋಡಿ ಅವರು ನನಗೆ ಬಡ್ತಿಯೇ ಸಿಕ್ಕಿತೆಂದು ತಿಳಿದು, ಹೊದಿಸಲು ಶಾಲು ತಂದಿದ್ದರು. ಒಳಗಿನ ಮುಖಗಳನ್ನು ನೋಡಿ ಅದನ್ನು ಮೆಲ್ಲಗೆ ಚೀಲಕ್ಕೆ ಸೇರಿಸಿದರು.

“ಕಾಲೇಜು ಬಿಟ್ಟು ಕ್ಲಿನಿಕ್ಕಿಗೆ ಬರ್ರಿ ಅಂತ ಮೇಡಂ ಹೇಳಿದ್ರೇನ್ರಿ?” ಪ್ರಾಚಾರ್ಯರು ಕೇಳಿದರು.

“ಇಲ್ರಿ. ಕಾಲೇಜಿಗೇ ಹೋಗ್ರಿ ಅಂತ ಎರಡು ಸಲ ಹೇಳಿದ್ರು. ನಾನ ಹಟ ಹಿಡದೆ.”

ನಾನು ಒಂದು ಸಲವೂ ಹಾಗೆ ಹೇಳಿರಲಿಲ್ಲ. ಸುಮ್ಮನಿದ್ದರೆ ಅರ್ಧಕ್ಕರ್ಧ ಬಚಾವಾಗುತ್ತಿದ್ದೆ. ಪ್ರಾಚಾರ್ಯರು ನನ್ನತ್ತ ನೋಡಿದರು.

“ನಾ ಹಂಗ ಹೇಳಿಲ್ಲ ಸರ್” ಎಂದೆ.

ಮಾಸ್ತರು ಸಿಟ್ಟಿನಿಂದ ಹಲ್ಲು ಕಚ್ಚಿದರು. ಎರಡೂ ಸೆಟ್ ಸರಿಯಾಗಿ ಕೂಡಿದ್ದನ್ನು ಆ ಸಂಕಟದಲ್ಲೂ ಗಮನಿಸಿದೆ.

“ಮೇಡಮ್ಮಾರ, ಸುಳ್ಳು ಹೇಳಬ್ಯಾಡ್ರಿ ಅಂತ ಮೂವತ್ತಾರು ವರ್ಷ ಹುಡುಗೂರಿಗೆ ಕಲಿಸಿದಾಂವ ಇವತ್ತ ಒಂದ ಹೇಳಿದ್ದೆ. ಅದನ್ನೂ ಕೆಡಿಸಿಬಿಟ್ರಿ” ಎಂದರು.

ತಪ್ಪೊಪ್ಪಿಕೊಂಡದ್ದಕ್ಕೆ ಶಿಕ್ಷೆ ಇಳಿಯಿತು: ಅನುಮತಿ ರದ್ದಾಗುವ ಬದಲು ಮೂರು ತಿಂಗಳು ಕ್ಲಿನಿಕ್ ಬಂದ್, ಫೀಸು ವಾಪಸ್. ಅದನ್ನು ಕೊಡಲು ಯರಗುಪ್ಪಿಗೆ ಹೋದಾಗ ಮಾಸ್ತರು ಸೆಟ್ ಒಸಡಿಗೆ ಒತ್ತುತ್ತಿದೆ ಎಂದರು. ಪುಕ್ಕಟೆ ಚಿಕಿತ್ಸೆಗೆ ನನ್ನ ನಿಯಮದ ಅಡ್ಡಿಯಿಲ್ಲ; ಪಡಸಾಲೆಯಲ್ಲೇ ಕೂತು ಉಜ್ಜಿ ಸರಿಮಾಡಿದೆ. ಅವರ ಹೆಂಡತಿ ಸೇಂಗಾ ಹೋಳಿಗೆ ತಂದಿಟ್ಟರು. ಇದು ಫೀಸಿಗೆ ಸಮವೋ ಏನೋ ಎಂದು ಕ್ಷಣ ಯೋಚಿಸಿ, ತಿಂದೆ.

ಮುಂದೆ ಏಳನೆಯ ನಿಯಮಕ್ಕೆ ಒಂದು ಸಾಲು ಸೇರಿತು: ಬರಲಾಗದ ರೋಗಿಯ ವಿಷಯದಲ್ಲಿ ಪ್ರಾಚಾರ್ಯರನ್ನು ಮೊದಲೇ ಕೇಳಿ ಚಿಕಿತ್ಸೆ ಕೊಡಬಹುದು. ಆದರೆ ಆ ಸಾಲು ಇಲ್ಲದಾಗಲೂ ನಾನು ಒಂದು ಫೋನ್ ಮಾಡಿ ಕೇಳಬಹುದಿತ್ತು. ಕಾರಣ ಒಳ್ಳೆಯದೇ ಇತ್ತು. ಒಳ್ಳೆಯ ಕಾರಣ ಎಲ್ಲರ ಹತ್ತಿರವೂ ಇರುತ್ತದೆ. ಹನ್ನೊಂದು ನಿಯಮ ಬರೆಯುವಾಗ ಸಹೋದ್ಯೋಗಿಗಳ ಮುಖಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದಿದ್ದವು. ನನ್ನ ಮುಖ ಮಾತ್ರ ಬಂದಿರಲಿಲ್ಲ.