ಕುಕನೂರಿನಾಚೆ, ನಕ್ಷೆಯ ಮಾತು ಮೀರಿದ ಯಂತ್ರ

ಕೊಪ್ಪಳದಲ್ಲಿ ಎಲ್ಲರೂ ಹೇಳುವುದು ಒಂದೇ: ಕುಕನೂರಿನಾಚೆಯ ಹೊಲವೊಂದರಲ್ಲಿ ಮನುಷ್ಯನಂತೆ ಯೋಚಿಸುವ ಯಂತ್ರ ತಾನೇ ಎಡೆ ಹೊಡೆಯುತ್ತದೆ. ನಾನು ನಂಬಲಿಲ್ಲ. ಸಾಲುಗಳ ನಡುವಿನ ಕಳೆ ಕೀಳುವುದಕ್ಕೆ ಯೋಚನೆ ಏಕೆ? ಯೋಚಿಸುತ್ತ ನಡೆಯುವವನ ಕಾಲಿಗೇ ಮೊದಲು ಪೈರು ಸಿಗುವುದು. ನೋಡಿಯೇ ವಾದಿಸೋಣವೆಂದು ಬೆಳಗ್ಗೆ ಏಳರ ಬಸ್ಸು ಹತ್ತಿದೆ. ಆಧಾರ್ ತೋರಿಸಿದೆ, ಟಿಕೆಟ್ ಉಚಿತ, ಸೀಟು ಮಾತ್ರ ಇಲ್ಲ.

ಕುಕನೂರಿಗೆ ಒಂದು ತಾಸು. ನಿಲ್ದಾಣದೆದುರು ಒಗ್ಗರಣೆ ಮಂಡಕ್ಕಿ, ಎರಡು ಬಿಸಿ ಮಿರ್ಚಿ. ಅಲ್ಲಿಂದ ಟಂಟಂ ಆಟೋ, ಇಪ್ಪತ್ತು ರೂಪಾಯಿ. ಮೋಡವಿತ್ತು, ಮಳೆಯಿಲ್ಲ, ಆಷಾಢದ ಗಾಳಿಗೆ ದುಪಟ್ಟಾ ನಿಲ್ಲಲೊಲ್ಲದು.

ಯಂತ್ರ ಮಾಡಿದ ಸವಿತಾ ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಮುಂದಿದ್ದವಳು. ಹೊಲ ಅವಳ ಸೋದರಮಾವ ಬಸಪ್ಪನವರದು. ಬದುವಿನ ಮೇಲೆ ಅವರ ಜೋಡೆತ್ತು ನೊಗ ಹೊತ್ತೇ ಕಾಯುತ್ತಿದ್ದವು. ಕರಾರು ಸ್ಪಷ್ಟ: ಇವತ್ತು ಬೆಳೆಯ ಒಂದು ಗಿಡ ಕಿತ್ತರೂ ಯಂತ್ರ ಹೊರಗೆ, ಎತ್ತು ಒಳಗೆ. ಕೀಳದಿದ್ದರೆ ಹಂಗಾಮು ಮುಗಿಯುವವರೆಗೆ ಹೊಲ ಅವಳ ಕೈಗೆ.

ಹೋದ ವರ್ಷ ಅವಳು ಸೋತಿದ್ದಳು. ಇಲ್ಲಿ ಹೆಸರು ಬೆಳೆಯ ನಡುವೆ ಅಲ್ಲಲ್ಲಿ ಒಂದೊಂದು ಸಾಲು ತೊಗರಿ ಬಿತ್ತುತ್ತಾರೆ; ಅದು ಅಕ್ಕಡಿ ಸಾಲು. ಅದರ ಬಳಿ ಅಂತರ ಹೆಚ್ಚು. ಯಂತ್ರದ ನಕ್ಷೆಯಲ್ಲಿ ಎಲ್ಲ ಸಾಲಿಗೂ ಒಂದೇ ಅಂತರ.

“ಕ್ಯಾಮೆರಾ ತೊಗರಿ ನೋಡಿತ್ತು,” ಎಂದಳು ಸವಿತಾ. “ಆದ್ರ ನಿಲ್ಲು ಅನ್ನೂ ಅಧಿಕಾರ ಅದಕ್ಕ ಕೊಟ್ಟಿದ್ದಿಲ್ಲ. ನಕ್ಷೆ ಹೇಳಿದ್ದ ಕಡೀ ಮಾತು. ಇಡೀ ಸಾಲು ಕಿತ್ತ ಒಗೀತು.”

ಬಸಪ್ಪನವರು ನಕ್ಕರು. “ಗಿಡ ಬಂದ್ರ ನನ್ನ ಎತ್ತು ನನ್ನ ಕೇಳ್ತಾವೇನು? ಕಾಲು ತಾವ ಸರಸ್ತಾವ. ಬದುವಿನ್ಯಾಗ ತಿರುಗೂ ಮುಂದ ಅಷ್ಟ ನಾ ಹಗ್ಗ ಜಗ್ಗೂದು. ಇಷ್ಟು ತಿಳಿಯಾಕ ಈಕಿಗೆ ಇಂಜಿನಿಯರಿಂಗ್ ಓದಸಬೇಕಾತು.”

ಆ ಮಾತು ಹಿಡಿದೇ ಸವಿತಾ ಯಂತ್ರದೊಳಗಿನ ಆಡಳಿತವನ್ನು ಬುಡಮೇಲು ಮಾಡಿದ್ದಳು. ಕೆಳಗಿನ ಹಂತ ಯಾರನ್ನೂ ಕೇಳದೆ ಗಿಡ ತಪ್ಪಿಸುತ್ತದೆ. ನಡುವಿನದು ಸಾಲು ಹಿಡಿಯುತ್ತದೆ. ಮೇಲಿರುವ ನಕ್ಷೆ, ಸಾಲು ಮುಗಿದಾಗ ಮುಂದೆಲ್ಲಿಗೆ ಎಂದಷ್ಟೇ ಹೇಳುತ್ತದೆ. ಕೆಳಗಿನದು ಒಲ್ಲೆ ಎಂದರೆ ಮೇಲಿನದು ಸುಮ್ಮನಿರಬೇಕು.

“ಹಂಗಾರ ನಕ್ಷೆ ಬಂದ್ ಮಾಡು, ಅಕ್ಕಾ,” ಎಂದೆ. “ಅಕ್ಕಡಿ ಪಕ್ಕದಾಗ, ನಡು ಸಾಲಿನ್ಯಾಗ.”

“ನೋಡಾಕ ಬಂದಾಕಿ ಅಲ್ಲ ಈಕಿ,” ಎಂದರು ಬಸಪ್ಪ. “ಎದುರು ಪಾರ್ಟಿ ವಕೀಲ.”

ಕರುವಿನಷ್ಟೆತ್ತರದ ಯಂತ್ರ ತೊಗರಿಯ ಪಕ್ಕ ಹೊರಟಿತು. ಅರ್ಧ ದಾರಿಯಲ್ಲಿ ಸವಿತಾ ಮೊಬೈಲಿನಲ್ಲಿ ನಕ್ಷೆ ಬಂದ್ ಮಾಡಿದಳು. ಬಿತ್ತುವಾಗ ಕೂರಿಗೆ ವಾಲಿದ ಕಡೆ ತೊಗರಿಯ ಸಾಲೂ ಬಾಗಿತ್ತು. ಯಂತ್ರದ ಕಳೆ ಕೀಳುವ ಕುಡ ಅಲ್ಲಿಗೆ ಬಂದಿತು, ಗೇಣಷ್ಟು ಸರಿಯಿತು, ಎಲೆಯನ್ನಷ್ಟೇ ಸವರಿ ಮುಂದೆ ಹೋಯಿತು. ಬದುವಿನ ಬುಡದಲ್ಲಿ ಹಗ್ಗಕ್ಕೆ ಕಾಯುವ ಎತ್ತಿನಂತೆ ನಿಂತಿತು.

ಕಿತ್ತ ಗಿಡ ಹುಡುಕುತ್ತ ಸಾಲಿನುದ್ದಕ್ಕೂ ಬಗ್ಗಿ ನಡೆದೆ. ಕಳೆ ಬಿಟ್ಟರೆ ಏನೂ ಸಿಗಲಿಲ್ಲ. ಇಷ್ಟು ಸಂತೋಷದಿಂದ ನಾನು ಕಾಲೇಜಿನ ಯಾವ ಚರ್ಚಾಸ್ಪರ್ಧೆಯಲ್ಲೂ ಸೋತಿರಲಿಲ್ಲ. ಸವಿತಾ ಎರೆಮಣ್ಣಿನಲ್ಲೇ ಕುಕ್ಕರಿಸಿ ನಗುತ್ತಿದ್ದಳು. ಬಸಪ್ಪನವರು ಹೋಗಿ ಎತ್ತಿನ ನೊಗ ಇಳಿಸಿದರು.

“ಹಂಗಾಮು ನಿಂದವಾ,” ಎಂದರು.

ಸಂಜೆ ಟಂಟಂ ಹತ್ತುವಾಗ ತಿರುಗಿ ನೋಡಿದೆ. ಬಸಪ್ಪನವರು ಯಂತ್ರದ ಮೈ ಸವರುತ್ತಿದ್ದರು. ಕೇಳದಿರಲು ಆಗಲಿಲ್ಲ.

“ಕಾಕಾರ, ಎತ್ತು ಯಾಕ ನಿಂತೈತಿ ಅನ್ನೂದು ಅದರ ಮಾರಿ ನೋಡಿದ್ರ ನಿಮಗ ತಿಳೀತೈತಿ. ನಾಳೆ ಇದು ನಡು ಸಾಲಿನ್ಯಾಗ ನಿಂತ್ರ, ಗಿಡ ಉಳಸಾಕ ನಿಂತೈತೋ, ಕೆಟ್ಟ ನಿಂತೈತೋ, ಹ್ಯಾಂಗ ತಿಳೀತೀರಿ?”