ನೆಲ್ಲಿಯ ಟೊಂಗೆ ಮರೆತ ಕಾರ್ತಿಕ

ಕೃಷ್ಣಾಬಾಯಿಗೆ ಪ್ರಶ್ನೆ ಕೇಳುವ ಚಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಜನ ಅವಳ ಹೋಳಿಗೆಯನ್ನೂ ತಾಳ್ಮೆಯನ್ನೂ ಹೊಗಳಲು ಶುರು ಮಾಡುತ್ತಾರೆ, ಮುಖ್ಯ ವಿಷಯ ಹಿಂದೆ ಬೀಳುತ್ತದೆ. ಹೈದರಾಬಾದಿನ ಸನತ್‌ನಗರದ ನಮ್ಮ ಮನೆಗೆ ನಲ್ಲಿ ರಿಪೇರಿಗೆ ಬಂದವನು ಕೆಲಸ ಮುಗಿಸುವಷ್ಟರಲ್ಲಿ ನೀರು ಯಾವ ಕೆರೆಯಿಂದ ಬರುತ್ತದೆ, ಅವನ ಹೆಂಡತಿಯ ತವರು ಯಾವುದು, ವಾಷರು ಯಾಕೆ ಸವೆಯುತ್ತದೆ, ಎಲ್ಲವನ್ನೂ ಅವಳಿಗೆ ಒಪ್ಪಿಸಿ ಹೋಗಿರುತ್ತಿದ್ದ. ಇಷ್ಟೆಲ್ಲ ಯಾಕೆ ಬೇಕು ಎಂದು ನಾನು ಸಿಡುಕಿದರೆ, "ತಿಳಕೊಂಡ್ರ ನಮ್ಮದೇನು ಗಂಟು ಹೋಗ್ತದ?" ಅನ್ನುತ್ತಿದ್ದಳು.

ಅವಳು ನನ್ನ ಅಪ್ಪನ ಎರಡನೆಯ ಹೆಂಡತಿ. ನನ್ನ ಹೆತ್ತ ತಾಯಿ ಮಂದಾಕಿನಿ ತೀರಿಕೊಂಡಾಗ ನನಗೆ ಆರು ವರ್ಷ. ಅಪ್ಪ ಜಯತೀರ್ಥ, ನೀರಾವರಿ ಇಲಾಖೆಯಲ್ಲಿ ನಕ್ಷೆ ಬರೆಯುವವರು, ಎರಡು ವರ್ಷ ಕಳೆದ ಮೇಲೆ ರಾಯಚೂರಿನ ಕಡೆ ಕೃಷ್ಣಾ ನದಿಯ ದಂಡೆಯ ಒಂದು ಹಳ್ಳಿಗೆ ಹೋಗಿ ಇವಳನ್ನು ಮದುವೆಯಾಗಿ ಬಂದರು. ಅಜ್ಜಿ ಸುಂದರಾಬಾಯಿ ನನ್ನನ್ನು ಮುಂದೆ ನಿಲ್ಲಿಸಿ, "ಇಕಿಗೆ ಆಯಿ ಅನ್ನು" ಅಂದಳು. ನಮ್ಮ ಮನೆಗಳಲ್ಲಿ ತಾಯಿಗೆ ಆಯಿ ಅನ್ನುತ್ತೇವೆ.

"ಆಯಿ ಸತ್ತಾಳ" ಅಂದೆ ನಾನು. "ಇವರ ಹೆಸರು ಕೃಷ್ಣಾಬಾಯಿ."

ಅಜ್ಜಿ ಕೈ ಎತ್ತಿದಳು. ಹೊಸ ಮದುಮಗಳು ನಡುವೆ ಬಂದು, "ಬಿಡ್ರಿ ಅತ್ತಿ, ಹೆಸರು ಇಟ್ಟದ್ದು ಕರೀಲಿಕ್ಕೇ ಅಲ್ಲೇನು?" ಅಂದಳು. ಸರಿ, ಕರೆದೆ. ಹದಿನಾಲ್ಕು ವರ್ಷ ಹೆಸರು ಹಿಡಿದೇ ಕರೆದೆ. ಅದರ ಮೇಲೆ ಒಂದು 'ರಿ' ಬೇರೆ. "ಕೃಷ್ಣಾಬಾಯಿ, ಹೆರಳು ಹಾಕ್ರಿ. ಕೃಷ್ಣಾಬಾಯಿ, ಬಡಸ್ರಿ." ಹೆತ್ತ ತಾಯಿಗೆ ಯಾರೂ 'ರಿ' ಹಚ್ಚುವುದಿಲ್ಲ, 'ಬಾ, ಹೋಗು, ಕೊಡು' ಅನ್ನುತ್ತಾರೆ. ನನ್ನ 'ರಿ' ಮರ್ಯಾದೆಯದಲ್ಲ, ಬಾಗಿಲಿಗೆ ಹಾಕಿದ ಅಗುಳಿ ಎಂದು ಓಣಿಗೆಲ್ಲ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಹೈದರಾಬಾದಿಗೆ ಬಂದ ಹೊಸತರಲ್ಲಿ ಅವಳಿಗೆ ತೆಲುಗು ಒಂದಕ್ಷರ ಬರುತ್ತಿರಲಿಲ್ಲ. ಒಂದು ಕಾರ್ತಿಕದಲ್ಲಿ ತರಕಾರಿಯವಳು ಬಾಗಿಲಿಗೆ ಬಂದು, "ಉಸಿರಿ ಕಾವಾಲಾ ಅಮ್ಮಾ?" ಅಂದಳು. ನೆಲ್ಲಿಕಾಯಿ ಬೇಕಾ ಎಂದು ಅದರ ಅರ್ಥ. ಕೃಷ್ಣಾಬಾಯಿಗೆ ಕೇಳಿಸಿದ್ದು ಉಸಿರು, ಕಾವಲು. ಓಡುತ್ತ ಪಕ್ಕದ ಮನೆಯ ಸಾವಿತ್ರಿಬಾಯಿಯ ಹತ್ತಿರ ಹೋಗಿ, "ಈ ಊರಾಗ ಉಸಿರಿಗೂ ಕಾವಲು ಹಾಕ್ತಾರೇನ್ರಿ?" ಎಂದು ಕೇಳಿದಳು. ಓಣಿ ಒಂದು ವಾರ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಅವಳು ಬೇಜಾರು ಮಾಡಿಕೊಳ್ಳದೆ ಅದೇ ತರಕಾರಿಯವಳನ್ನು ಹಿಡಿದು ಕೂರಿಸಿ ಎರಡು ವರ್ಷದಲ್ಲಿ ತೆಲುಗು ಕಲಿತಳು.

ಕಾರ್ತಿಕ ಬಂತೆಂದರೆ ನಮ್ಮ ಓಣಿಯ ಕನ್ನಡದವರೆಲ್ಲ ಸೇರಿ ವನಭೋಜನಕ್ಕೆ ಹೋಗುವುದು ರೂಢಿ. ನೆಲ್ಲಿಯ ಗಿಡಕ್ಕೆ ಪೂಜೆ ಮಾಡಿ ಅದರ ನೆರಳಿನಲ್ಲೇ ಉಣ್ಣಬೇಕು. ಹೋದ ಜಾಗದಲ್ಲಿ ಗಿಡ ಇರುತ್ತದೆಂದು ಯಾವ ಖಾತ್ರಿ? ಅದಕ್ಕೆ ಕೃಷ್ಣಾಬಾಯಿ ಮೊದಲೇ ಒಂದು ಟೊಂಗೆ ತರಿಸಿ, ಒದ್ದೆ ಬಟ್ಟೆ ಸುತ್ತಿ ಒಯ್ಯುತ್ತಿದ್ದಳು. ನೆಲದಲ್ಲಿ ಅದನ್ನು ನೆಟ್ಟು ಒಂದಿಷ್ಟು ಅರಿಶಿನ ಕುಂಕುಮ ಹಾಕಿದರೆ ಅದೇ ಗಿಡ.

ಎಪ್ಪತ್ತೆಂಟರ ಕಾರ್ತಿಕದಲ್ಲಿ ಓಣಿಯವರು ನಾಗಾರ್ಜುನಸಾಗರಕ್ಕೆ ಹೋಗಿ, ಅಲ್ಲಿಂದ ಲಾಂಚಿನಲ್ಲಿ ಕೃಷ್ಣೆಯ ಕೊಳ್ಳದೊಳಕ್ಕೆ ಹೋಗುವುದೆಂದು ನಿಶ್ಚಯಿಸಿದರು. ಏರ್ಪಾಡೆಲ್ಲ ಎದುರು ಮನೆಯ ಅಮರೇಶಪ್ಪನವರದು. ಲಿಂಗಸುಗೂರಿನ ಕಡೆಯವರು, ಕಾರ್ಖಾನೆಯಲ್ಲಿ ಫೋರ್‌ಮನ್, ಮಾತಾಡಿದರೆ ಮೂರು ಮನೆಗೆ ಕೇಳಬೇಕು. ಆ ವರ್ಷ ನನ್ನ ಕಾಲೇಜು ಮುಗಿದಿತ್ತು, ಮಾಘಕ್ಕೆ ಮದುವೆ ಗೊತ್ತಾಗಿತ್ತು, ಸೊಲ್ಲಾಪುರದ ಹುಡುಗ.

ಹೊರಡುವ ಹಿಂದಿನ ಮಧ್ಯಾಹ್ನ ಕೃಷ್ಣಾಬಾಯಿ ಸಾವಿತ್ರಿಬಾಯಿಯ ಜೊತೆ ಹಿತ್ತಲಲ್ಲಿ ಕೂತು ಅವರೆ ಸುಲಿಯುತ್ತಿದ್ದಳು. ನಾನು ಒಳಗಿದ್ದೇನೆಂದು ಅವಳಿಗೆ ತಿಳಿದಿರಲಿಲ್ಲ.

"ಒಂದಽ ಒಂದು ಸಲ ಆಯಿ ಅಂದಿದ್ಲಂದ್ರ ಸಾಕಿತ್ತು" ಅಂದಳು. "ಹಡದಾಕಿ ಅಲ್ಲ ನಾ, ಗೊತ್ತದ. ಆದ್ರೂ ಆ ಮಾತು ಕಿವಿಗೆ ಹ್ಯಾಂಗ ಕೇಳ್ತದ ಅಂತ ತಿಳೀಬೇಕನಸ್ತದ. ಮಾಘಾ ದಾಟಿದ್ರ ಆಕಿ ಸೊಲ್ಲಾಪುರದಾಕಿ. ಇನ್ಯಾವಾಗ?"

ನನಗೆ ಮೈಯೆಲ್ಲ ಉರಿಯಿತು. ಕಂಡ ಕಂಡವರನ್ನು ಪ್ರಶ್ನೆ ಕೇಳುವ ಹೆಂಗಸು ಇದನ್ನೊಂದು ನನ್ನ ಮುಖಕ್ಕೇ ಕೇಳಬಾರದಿತ್ತೇ? ಕೇಳಿದ್ದರೆ ನಾನು ಏನನ್ನುತ್ತಿದ್ದೆ ಎಂಬುದು ಬೇರೆ ಮಾತು. ಮರುದಿನ ಬಸ್ಸಿನಲ್ಲಿ ಅವಳು ಶಾಲು ಹೊದೆಸಲು ಬಂದಾಗ ಕೈ ತಳ್ಳಿದೆ. ನೆಲ್ಲಿಯ ಟೊಂಗೆ ನನ್ನ ಸೀಟಿನ ಕೆಳಗಿತ್ತು, ಇಳಿಯುವಾಗ ತರುವ ಕೆಲಸ ನನ್ನದು. ಸಾಗರದಲ್ಲಿ ನನ್ನ ಚೀಲವನ್ನಷ್ಟೇ ಎತ್ತಿಕೊಂಡು ಇಳಿದೆ. ಟೊಂಗೆಯನ್ನು ಮರೆತೆನೋ ಬಿಟ್ಟೆನೋ ಇವತ್ತಿಗೂ ನನಗೆ ಗೊತ್ತಿಲ್ಲ.

ಲಾಂಚು ಎರಡು ತಾಸು ನಡೆದ ಮೇಲೆ ಗುಡ್ಡಗಳು ಎರಡೂ ಕಡೆಯಿಂದ ಹತ್ತಿರ ಬಂದವು. ಅಗಲವಾಗಿದ್ದ ನೀರು ಇಕ್ಕಟ್ಟಾಗಿ ಹಸಿರಾಯಿತು. ಕಲ್ಲಿನ ಗೋಡೆ ಎಷ್ಟು ಎತ್ತರವೆಂದರೆ ತುದಿಯ ಮರಗಳನ್ನು ನೋಡಲು ಕತ್ತು ಹಿಂದಕ್ಕೆ ಚೆಲ್ಲಬೇಕು. ಕೃಷ್ಣಾಬಾಯಿ ಕಟಕಟೆ ಹಿಡಿದು ನಿಂತವಳು ಕೂರಲೇ ಇಲ್ಲ. ಇದು ತನ್ನ ಊರ ಮುಂದಿನಿಂದ ಹಾದು ಬಂದ ನೀರೇ ಏನು, ಅಲ್ಲಿಂದ ಇಲ್ಲಿಗೆ ಬರಲು ಎಷ್ಟು ದಿನ ಹಿಡಿಯುತ್ತದೆ ಎಂದು ಲಾಂಚಿನವನನ್ನು ಕೇಳಿದಳು.

"ಪಾನೀ ಕೋ ಕೌನ್ ಪೂಛಾ ಅಮ್ಮಾ" ಅಂದ ಅವನು.

"ನೀರನ್ನ ಯಾರೂ ಕೇಳಿಲ್ಲಂತ" ಎಂದು ಅವಳು ನನ್ನ ಕಡೆ ತಿರುಗಿ ಹೇಳಿದಳು. ನಾನು ಬೇರೆ ಕಡೆ ನೋಡಿದೆ.

ಅಷ್ಟರಲ್ಲಿ ಅಮರೇಶಪ್ಪ ಯಾರನ್ನೋ ಕೂಗಿದರು, ಕೂಗು ಗುಡ್ಡಕ್ಕೆ ಬಡಿದು ಹಿಂದಕ್ಕೆ ಬಂತು. ಸರಿ, ಆಟ ಶುರುವಾಯಿತು. ಕೊಳ್ಳ ಪೂರ್ತಿ ಹೆಸರು ಕೊಡುತ್ತಿರಲಿಲ್ಲ, ಬಾಲವನ್ನಷ್ಟೇ ಕೊಡುತ್ತಿತ್ತು. ಅಮರೇಶಪ್ಪ ತಮ್ಮ ಹೆಸರನ್ನು ತಾವೇ ಕೂಗಿಕೊಂಡರು. 'ಅಪ್ಪಾ... ಅಪ್ಪಾ...' ಅಂದಿತು ಗುಡ್ಡ.

"ಮನಿಯಾಗ ಐದು ಮಂದಿ ಹೆಣ್ಮಕ್ಕಳು ಅಪ್ಪಾ ಅನ್ನೂದು ಸಾಲದಂತ ಈ ಗುಡ್ಡಾನೂ ಅನ್ನಾಕತ್ತೈತಿ" ಅಂದರು. ಲಾಂಚೆಲ್ಲ ನಕ್ಕಿತು.

ಕೃಷ್ಣಾಬಾಯಿ ನಗಲಿಲ್ಲ. ದನಿ ಅಷ್ಟು ಹೊತ್ತು ಎಲ್ಲಿ ಉಳಿದಿರುತ್ತದೆ, ಬಾಲವೇ ಯಾಕೆ ಬರುತ್ತದೆ ಎಂದು ಯೋಚಿಸುತ್ತಿದ್ದಳು. "ನೀವೂ ನಿಮ್ಮ ಹೆಸರು ಕೂಗ್ರಿ" ಎಂದು ಸಾವಿತ್ರಿಬಾಯಿ ಒತ್ತಾಯ ಮಾಡಿದಳು.

"ನನ್ನ ಹೆಸರು ನಾನಽ ಕೂಗಿಕೊಂಡ್ರ ಏನು ಚಂದ? ಯಾರರೆ ಕರೀಬೇಕು" ಎಂದು ಅವಳು ನನ್ನನ್ನು ನೋಡಿದಳು. ನಾನು ಎದ್ದು ಲಾಂಚಿನ ಆ ಕಡೆಗೆ ಹೋದೆ.

ಒಂದು ಮರಳಿನ ದಂಡೆಗೆ ಲಾಂಚು ಹಚ್ಚಿದರು. ಬುಟ್ಟಿಗಳು ಇಳಿದವು, ಎಲೆ ಹಾಕಿದರು. ಆಗ ಸಾವಿತ್ರಿಬಾಯಿ, "ನೆಲ್ಲಿ ಎಲ್ಲಿ ಅದ?" ಅಂದಳು. ಎಲ್ಲರ ಕಣ್ಣು ನನ್ನ ಮೇಲೆ.

"ನಾನಽ ಬಸ್ಸಿನ್ಯಾಗ ಮರತೆ" ಅಂದಳು ಕೃಷ್ಣಾಬಾಯಿ. ಒಂದು ಚೂರೂ ತಡವರಿಸದೆ ಅಂದಳು.

ಅದು ನನಗೆ ಇನ್ನೂ ಸಿಟ್ಟು ತರಿಸಿತು. ಬೈದಿದ್ದರೆ ನಾನೂ ಬೈಯಬಹುದಿತ್ತು. "ಹಸಿವಿಗೆ ಗಿಡದ ಹೆಸರು ಗೊತ್ತಿರಂಗಿಲ್ಲ, ಬಡಸ್ರಿ" ಅಂದರು ಅಮರೇಶಪ್ಪ. ಎಲ್ಲರೂ ಉಂಡರು. ಕೃಷ್ಣಾಬಾಯಿ ಉಣ್ಣಲಿಲ್ಲ. ಲಾಂಚಿನವನ ಹತ್ತಿರ ಹೋಗಿ ಏನೋ ಕೇಳಿದಳು. "ಆ ಮಲುಪು ದಾಟಿತೇ ಉಸಿರಿಚೆಟ್ಟು ಉಂದಿ" ಎಂದು ಅವನು ಕೊಳ್ಳದ ತಿರುವಿನ ಕಡೆ ಕೈ ತೋರಿಸಿದ. ತಿರುವು ದಾಟಿದರೆ ನೆಲ್ಲಿಮರ ಇದೆಯಂತೆ. ಸೀರೆ ಎತ್ತಿ ಸಿಕ್ಕಿಸಿ, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಅವಳು ಹೋದದ್ದನ್ನು ನಾನು ನೋಡಿದೆ. ಜೊತೆಗೆ ಹೋಗಲಿಲ್ಲ.

ಮೂರು ಗಂಟೆಗೆ ಲಾಂಚಿನವನು ಭೋಂಗಾ ಊದಿದ. ಕೊಳ್ಳದಲ್ಲಿ ಬಿಸಿಲು ಬೇಗ ಹೋಗುತ್ತದೆ, ಈಗಲೇ ಹೊರಡಬೇಕು ಅಂದ. ಎಲ್ಲರೂ ಹತ್ತಿದರು, ಅವಳೊಬ್ಬಳು ಬರಲಿಲ್ಲ. ಅವನು ಮತ್ತೆ ಊದಿದ. ಮೊಣಕಾಲಿನ ನೋವಿಗೆ ಲಾಂಚಿನಲ್ಲೇ ಕೂತಿದ್ದ ಅಪ್ಪ ಎದ್ದು ನಿಂತರು. ಅವರ ಮುಖ ನೋಡಿ ನಾನು ಕೆಳಗೆ ಜಿಗಿದೆ.

ತಿರುವಿನತನಕ ಓಡಿದೆ. ಕಲ್ಲುಗಳ ಮೇಲೆ ಪಾಚಿ, ಬುಡದಲ್ಲೇ ನೀರು, ನೀರಿನ ಆಳ ಕಾಣುತ್ತಿರಲಿಲ್ಲ. ಒಂದು ಕಲ್ಲಿನ ಮೇಲೆ ಅವಳ ಚಪ್ಪಲಿಗಳು ಮಾತ್ರ ಇದ್ದವು. ಆರು ವರ್ಷದವಳಿದ್ದಾಗ ಒಂದು ಸಲ ಹೀಗೇ ಆಗಿತ್ತು, ಆಸ್ಪತ್ರೆಯಿಂದ ಅಪ್ಪ ಬರಿ ಚಪ್ಪಲಿ ಹಿಡಿದುಕೊಂಡು ಬಂದಿದ್ದರು. ಇನ್ನೊಂದು ಸಲ ನನ್ನಿಂದ ಆಗುವುದಿಲ್ಲ ಅನ್ನಿಸಿತು.

"ಕೃಷ್ಣಾಬಾಯೀ" ಎಂದು ಇದ್ದಬದ್ದ ಉಸಿರೆಲ್ಲ ಹಾಕಿ ಕೂಗಿದೆ.

ಎದುರಿನ ಗುಡ್ಡ ಬಾಲ ಹಿಡಿದುಕೊಂಡಿತು. 'ಆಯೀ' ಅಂದಿತು. ಅದರ ಹಿಂದಿನ ಗುಡ್ಡ ಇನ್ನೂ ಮೆಲ್ಲಗೆ 'ಆಯೀ' ಅಂದಿತು. ನನ್ನದೇ ದನಿ. ಎಂಟು ವರ್ಷದವಳಿದ್ದಾಗ ನುಂಗಿದ್ದ ಮಾತು ಕೊಳ್ಳದ ತುಂಬ ಓಡಾಡಿತು. ನಾನು ಕಲ್ಲು ಹಿಡಿದು ನಿಂತುಬಿಟ್ಟೆ.

"ಓ" ಎಂದು ಯಾರೋ ಓಗೊಟ್ಟರು. "ಓ, ಬಂದೆ."

ಚಪ್ಪಲಿಗಳನ್ನು ಎತ್ತಿಕೊಂಡು ತಿರುವು ದಾಟಿದೆ. ನೀರಿನ ಮೇಲಕ್ಕೆ ಬಾಗಿದ ನೆಲ್ಲಿಮರದ ಕೆಳಗೆ ಅವಳು ಬರಿಗಾಲಲ್ಲಿ ಕೂತಿದ್ದಳು. ಮಡಿಲ ತುಂಬ ಕಾಯಿ. ನೀರು ಹರಿಯುತ್ತದೋ ನಿಂತಿದೆಯೋ ನೋಡಲು ಒಂದೊಂದೇ ಕಾಯಿಯನ್ನು ನೀರಿಗೆ ಬಿಡುತ್ತಿದ್ದಳಂತೆ, ಅದರಲ್ಲಿ ಭೋಂಗಾ ಕಿವಿಗೇ ಬೀಳಲಿಲ್ಲವಂತೆ. ಇನ್ನೊಂದು ದಿನವಾಗಿದ್ದರೆ ಆ ಮಾತಿಗೆ ನಾನು ಹಾರಾಡಿಬಿಡುತ್ತಿದ್ದೆ. ಅವಳು ಏಳಲು ಹೋದವಳು ಮತ್ತೆ ಕೂತು ನನ್ನ ಮುಖ ನೋಡಿದಳು.

"ನಲಿನಿ, ಎರಡು ಕೂಗು ಕೇಳಿದ್ವು" ಅಂದಳು. "ಒಂದು ನನ್ನ ಹೆಸರು, ಅದು ನಿಂದು. ಹಿಂದಽ ಇನ್ನೊಂದು ಬಂತಲ್ಲ, ಅದು ಯಾರದು?"

ಗುಡ್ಡದ್ದು ಎಂದು ಅವಳಿಗೆ ತಿಳಿಯದೆ ಇರುತ್ತದೆಯೇ? ಬೆಳಗಿನಿಂದ ಅದನ್ನೇ ಯೋಚಿಸಿದವಳು. ಗುಡ್ಡದ್ದು ಅಂದಿದ್ದರೆ ತಲೆದೂಗಿ ನನ್ನ ಹಿಂದೆ ಬರುತ್ತಿದ್ದಳು, ಮಾಘ ಬರುತ್ತಿತ್ತು, ನಾನು ಸೊಲ್ಲಾಪುರಕ್ಕೆ ಹೋಗುತ್ತಿದ್ದೆ. ಅವಳ ಕೈಯಲ್ಲಿ ಒಂದು ನೆಲ್ಲಿಕಾಯಿ ಇತ್ತು, ಅದನ್ನು ನೀರಿಗೆ ಬಿಡುವುದನ್ನು ಮರೆತಿದ್ದಳು.

"ಎರಡೂ ನಂದಽ, ಆಯಿ" ಅಂದೆ. "ಏಳು, ಲಾಂಚು ನಿಂತದ. ಚಪ್ಪಲಿ ಹಾಕ್ಕೋ."

ಅವಳು ಎದ್ದಳು, ಚಪ್ಪಲಿ ಹಾಕಿಕೊಂಡಳು, ನನ್ನ ಭುಜ ಹಿಡಿದು ಕಲ್ಲು ದಾಟಿದಳು. ಸಾಗರ ಮುಟ್ಟಿ, ಬಸ್ಸು ಹತ್ತಿ, ಸನತ್‌ನಗರದ ಮನೆ ಸೇರುವತನಕ ಅವಳು ಯಾರಿಗೂ ಒಂದು ಪ್ರಶ್ನೆ ಕೇಳಲಿಲ್ಲ.