ಎಡಗಡೆಯ ಸೀಟು

ಮೊನ್ನೆ ನನ್ನ ಅಂಗಡಿ ಎದುರು ಯಾರದೋ ಕಾರು ಬಂದು ನಿಂತಿತು. ಬಾಗಿಲು ತೆಗೆದದ್ದೇ ತಡ, ವಾಸನೆ ಕೌಂಟರಿನವರೆಗೂ ಬಂತು. ನೆನೆದು ಮುಗ್ಗಲು ಹಿಡಿದ ಕಾರ್ಪೆಟ್ಟು, ಅದರ ಜೊತೆಗೆ ಎಂಜಿನ್ ತಂಪು ಮಾಡುವ ಕೂಲಂಟ್ ಕಾದು ಸೋರಿದಾಗ ಬರುವ ಸಿಹಿ ಸಿಹಿ ನಾತ. ಬೇರೆಯವರಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಕೈಯಲ್ಲಿದ್ದ ಬೇರಿಂಗ್ ಡಬ್ಬಿ ಅಲ್ಲೇ ಇಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟೆ. ಮಾಸ್ತರ ಕಾರು ಹೀಗೇ ನಾರುತ್ತಿತ್ತು...

ಮಾಸ್ತರು ಅಂದರೆ ಶಾಲೆಯ ಮಾಸ್ತರಲ್ಲ. ಶಿರಸಿಯಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡವರು. ಶಾಲೆಯಲ್ಲಿ ಕಲಿಸಿದ್ದು ಅವರ ಹೆಂಡತಿ. ಊರಿಗೆಲ್ಲ ಅವರು ಅಕ್ಕೋರು. ನಾನು ಗಂಡಸರ ಮಧ್ಯೆ ಈ ಬಿಡಿಭಾಗದ ಅಂಗಡಿ ಹಾಕಿದಾಗ, 'ಸ್ಪಾರ್ಕ್ ಪ್ಲಗ್ ಮಾರುವವಳಿಗೆ ಸ್ಟೇರಿಂಗ್ ಹಿಡಿಯಲೂ ಬರಬೇಕು' ಅಂತ ಕಾರು ಕಲಿಸಿದ್ದು ಮಾಸ್ತರೇ. ಗೇರು ತಪ್ಪಿದರೆ ಬೈಯುತ್ತಿರಲಿಲ್ಲ, ಬೇಲಿಗೆ ಗುದ್ದಿದರೂ ಬೈಯುತ್ತಿರಲಿಲ್ಲ. ಬೆಲ್ಟು ಮರೆತರೆ ಮಾತ್ರ ಕೀ ತೆಗೆದು ಜೇಬಿಗೆ ಹಾಕಿಕೊಂಡು, ಆ ದಿನದ ಪಾಠವೇ ಮುಗಿಯಿತು ಅನ್ನುತ್ತಿದ್ದರು. "ಮೊದ್ಲು ಬೆಲ್ಟು, ಆಮೇಲೆ ದೇವರಿಗೆ ಕೈ ಮುಗಿ." ಈ ಮಾತು ಕೇಳದೆ ಲೈಸೆನ್ಸು ಪಡೆದವರು ನಮ್ಮ ಕಡೆ ಕಡಿಮೆ.

ಅವರಿಗೆ ಒಬ್ಬಳೇ ಮಗಳು. ಕಪಾಟಿನ ಬಾಗಿಲಿಗೆ ಹಳದಿ ಸ್ಪೋರ್ಟ್ಸ್ ಕಾರೊಂದರ ಚಿತ್ರ ಅಂಟಿಸಿಕೊಂಡು, ದುಡಿಯಲು ಶುರು ಮಾಡಿದ ಮೇಲೆ ಇದನ್ನೇ ತಗೊಳ್ಳೋದು ಅನ್ನುತ್ತಿದ್ದ ಹುಡುಗಿ. ಗೆಳತಿಯ ಮದುವೆಗೆ ಯಲ್ಲಾಪುರಕ್ಕೆ ಹೊರಟವಳು ಯಾರದೋ ಕಾರಿನ ಎಡಗಡೆ ಸೀಟಿನಲ್ಲಿ ಕೂತಿದ್ದಳು. ಹೊಸ ರೇಷ್ಮೆ ಸೀರೆ. ನೆರಿಗೆ ಮುದುಡುತ್ತದೆ ಅಂತ ಬೆಲ್ಟು ಹಾಕಲಿಲ್ಲವಂತೆ. ಮಂಚಿಕೇರಿ ಹತ್ತಿರ ಕಾರು ಮರಕ್ಕೆ ಬಡಿಯಿತು. ಬೆಲ್ಟು ಹಾಕಿಕೊಂಡಿದ್ದವರು ಬದುಕಿದರು. ಊರಿಗೆಲ್ಲ ಬೆಲ್ಟಿನ ಪಾಠ ಹೇಳಿದವರ ಮಗಳು ಹೋದಳು... ಅದರ ಮೇಲೆ ಮಾತಾಡುವುದು ಏನಿದೆ.

ಒಂದೆರಡು ವರ್ಷ ಕಳೆದ ಮೇಲೆ ಮಾಸ್ತರು ಗೋವಾದ ಒಬ್ಬ ದಲ್ಲಾಳಿಯಿಂದ ಹಳೇ ಸ್ಪೋರ್ಟ್ಸ್ ಕಾರು ತಂದರು. ಎರಡೇ ಬಾಗಿಲು, ಹಳದಿ ಬಣ್ಣ. ಯಾಕೆ ಅಂತ ಯಾರೂ ಕೇಳಲಿಲ್ಲ, ಗೊತ್ತಿತ್ತಲ್ಲ. ನಾನು ಮಾತ್ರ ಸುಮ್ಮನಿರಲಾರದೆ ಬಾಯಿ ಬಿಟ್ಟೆ. ಇಂಥ ಕಾರು ಕೊಳ್ಳುವುದು ಒಂದು ದಿನದ ಖರ್ಚು, ಸಾಕುವುದು ಜನ್ಮದ ಖರ್ಚು, ಮೂಗಿಗಿಂತ ಮೂಗುತಿ ಭಾರ ಆಗ್ತದೆ ಮಾಸ್ತರೇ ಅಂದೆ. ಹಾಗೇ ಆಯಿತು. ಮೊದಲ ತಿಂಗಳೇ ಕ್ಲಚ್ ಹೋಯಿತು. ಅದರ ಪ್ಲೇಟು ಹುಬ್ಬಳ್ಳಿಯಲ್ಲೂ ಇಲ್ಲ. ಮುಂಬಯಿಯಿಂದ ತರಿಸಿದೆ, ಆ ದುಡ್ಡಿಗೆ ಹೊಸ ಸ್ಕೂಟರ್ ಬರುತ್ತಿತ್ತು. ಆಮೇಲೆ ರೇಡಿಯೇಟರ್ ಫ್ಯಾನು. ನಮ್ಮ ಹಂಪುಗಳ ಮೇಲೆ ಹೊಟ್ಟೆ ಉಜ್ಜಿ ಉಜ್ಜಿ ಕೆಳಗಿನ ತಗಡು ಹರಿಯಿತು, ಸಸ್ಪೆನ್ಶನ್ ಬುಷ್ಷು ಪುಡಿಯಾಯಿತು. ಮೇಲಿನ ಗಾಜಿನ ಕಿಂಡಿಯ ನೀರು ಹರಿಯುವ ತೂತಿಗೆ ತರಗೆಲೆ ಕಟ್ಟಿಕೊಂಡು, ಎಡಗಡೆ ಸೀಟಿನಡಿ ನೀರು ನಿಂತು ನಾರತೊಡಗಿತು. ಮಾಸ್ತರು ಎಲ್ಲಕ್ಕೂ ಹೂಂ ಅಂದು ದುಡ್ಡು ಕೊಟ್ಟರು.

ಮೊದಲ ಸಲ ಅದರಲ್ಲಿ ಹೋದ ದಿನ ನನಗಿನ್ನೂ ನೆನಪಿದೆ. ಎಕ್ಕಂಬಿಯವರೆಗೆ ಓಡಿಸಿ ನೋಡೋಣ ಬಾ ಅಂದರು. ನಾನು ಮುಂದೆ ಕೂರಲು ಹೋದರೆ "ಹಿಂದೆ ಕೂತ್ಗ ತಂಗಿ" ಅಂದರು. ಹಿಂದಿನ ಸೀಟೋ, ಕಾಲು ಮಡಚಿದರೆ ಗಲ್ಲಕ್ಕೆ ಮೊಣಕಾಲು ತಾಗಬೇಕು! ಬೈದುಕೊಳ್ಳುತ್ತಲೇ ತೂರಿಕೊಂಡೆ. ಕಾರು ಹೊರಟಿದ್ದೇ ಟಿಣ್ ಟಿಣ್ ಟಿಣ್ ಅಂತ ಹೊಡೆದುಕೊಳ್ಳತೊಡಗಿತು. ಮೀಟರಿನ ಗಾಜಿನಲ್ಲಿ ಬೆಲ್ಟು ಹಾಕದ ಮನುಷ್ಯನ ಕೆಂಪು ಚಿತ್ರ. ಎಡಗಡೆ ಸೀಟಿನಲ್ಲಿ ಯಾರೋ ಬೆಲ್ಟು ಹಾಕದೆ ಕೂತಿದ್ದಾರೆ ಅಂತ ಅದರ ಅರ್ಥ. ಸೀಟು ಖಾಲಿ ಇತ್ತು. ಮಾಸ್ತರು ಕಾರು ನಿಲ್ಲಿಸಿ, ಬಾಗಿ, ಬೆಲ್ಟನ್ನು ಖಾಲಿ ಸೀಟಿನ ಮೇಲೆ ಅಡ್ಡ ಎಳೆದು ಕೊಂಡಿಗೆ ಸಿಕ್ಕಿಸಿದರು. ಸದ್ದು ನಿಂತಿತು.

"ಮಾಸ್ತರೇ, ಅಲ್ಲಿ ಯಾರೂ ಇಲ್ಲೆ" ಅಂದೆ.

"ನೀ ಹೇಳ್ತೆ ಇಲ್ಲೆ ಹೇಳಿ. ಕಾರು ಇದ್ದು ಹೇಳ್ತು" ಅಂದರು. ಇಲ್ಲ ಅನ್ನುವುದು ನೀನು, ಇದ್ದಾರೆ ಅನ್ನುವುದು ಕಾರು, ಅಂತ. ಮೆಲ್ಲಗೆ ಗೇರು ಹಾಕಿದರು.

ದಾರಿಯಲ್ಲಿ ದನ ಅಡ್ಡ ಬಂದು ಬ್ರೇಕು ಹಾಕಿದಾಗ ಅವರ ಎಡಗೈ ತಾನಾಗಿ ಪಕ್ಕಕ್ಕೆ ಚಾಚಿತು, ಮಕ್ಕಳನ್ನು ಮುಂದೆ ಬೀಳದ ಹಾಗೆ ತಡೆಯುತ್ತೇವಲ್ಲ, ಹಾಗೆ. ಅದಕ್ಕೂ ನಾನು ಹೆದರಲಿಲ್ಲ. ಹೆದರಿದ್ದು ಬೆಲ್ಟು ನೋಡಿ. ಖಾಲಿ ಸೀಟಿಗೆ ಕಟ್ಟಿದ ಬೆಲ್ಟು ಒರಗುವ ಜಾಗಕ್ಕೆ ಅಂಟಿಕೊಂಡಿರಬೇಕು. ಅದು ಒಂದು ಗೇಣಿನಷ್ಟು ಮುಂದೆ ಉಬ್ಬಿ ನಿಂತಿತ್ತು. ಒಳಗಿನ ಸ್ಪ್ರಿಂಗು ಸಿಕ್ಕಿಕೊಂಡರೆ ಹಾಗಾಗುತ್ತದೆ, ನಾನೇ ಮಾರುವ ಸಾಮಾನು, ನನಗೆ ಗೊತ್ತಿಲ್ಲವೆ? ಆದರೂ ಶಿರಸಿ ಮುಟ್ಟುವ ತನಕ ಆ ಕಡೆ ಮತ್ತೆ ನೋಡಲಿಲ್ಲ.

ಇಂಥ ಸುದ್ದಿಗೆ ಕಾಲು ಬೇಕೆ? ಮಾಸ್ತರು ಸತ್ತ ಮಗಳನ್ನು ಕೂರಿಸಿಕೊಂಡು ತಿರುಗುತ್ತಾರೆ ಅಂತ ಸಿದ್ದಾಪುರದವರೆಗೂ ಹೋಯಿತು. ಕಲಿಯಲು ಬರುತ್ತಿದ್ದ ಹೆಣ್ಣುಮಕ್ಕಳನ್ನು ತಾಯಂದಿರು ಬಿಡಿಸಿದರು. ಒಂದು ಮಧ್ಯಾಹ್ನ ಅಕ್ಕೋರು ನನ್ನ ಅಂಗಡಿಗೆ ಬಂದು ಗಟ್ಟಿಯಾಗಿಯೇ ಅತ್ತರು. ಅಂಗಳದಲ್ಲಿ ಕಾರು ಶುರುವಾದಾಗೆಲ್ಲ ಆ ಸದ್ದು ಅಡುಗೆಮನೆಗೆ ಕೇಳುತ್ತದೆ, ದಿನಾ ಬೆಳಿಗ್ಗೆ ಮಗಳ ಸುದ್ದಿ ತಂದ ಅದೇ ಫೋನು ಮತ್ತೆ ಬಂದ ಹಾಗಾಗುತ್ತದೆ ಅಂದರು. "ಯಂಗೆ ಕೇಳಲೆ ಆಗ್ತಿಲ್ಲೆ ತಂಗಿ. ಸತ್ತವ್ರನ್ನ ಹೋಪಲೆ ಬಿಡವು." ಸತ್ತವರನ್ನು ಹೋಗಲು ಬಿಡಬೇಕು ಅನ್ನುವುದು ಅವರ ಮಾತು.

ಗ್ಯಾರೇಜಿನ ಮಿಸ್ತ್ರಿಯನ್ನು ಕರೆಸಿದೆ. ಸೀಟಿನೊಳಗೆ ಭಾರ ತಿಳಿಯುವ ಒಂದು ಹಾಸು ಇರುತ್ತದೆ, ನೀರು ಕುಡಿದು ಹಾಳಾಗಿದೆ, ಇಂಥ ಕಾರುಗಳಲ್ಲಿ ಇದು ಮಾಮೂಲಿ ಅಂದ. "ಎರಡು ನಿಮಿಷದ ಕೆಲಸ ಅಕ್ಕಾ. ಕೆಳಗಿನ ವೈರು ಕಿತ್ರೆ ಖಲಾಸ್." ಅದೊಂದನ್ನು ಮುಟ್ಟಬೇಡ ಅಂತ ಮಾಸ್ತರು ಅವನಿಗೆ ಮೊದಲೇ ಹೇಳಿದ್ದರಂತೆ. ಅಕ್ಕೋರ ಮುಖ ನೋಡಿ ಅವನು ಕಿತ್ತ. ಮರುದಿನ ಬೆಳಿಗ್ಗೆ ಮಾಸ್ತರು ಕೀ ತಿರುಗಿಸಿದರು, ಕಾರು ಟಿಣ್ ಟಿಣ್ ಅಂದಿತು. ಮಿಸ್ತ್ರಿ ಬಗ್ಗಿ ನೋಡಿದ. ವೈರಿನ ತುದಿ ಬಿಟ್ಟದ್ದು ಬಿಟ್ಟ ಹಾಗೇ ಇತ್ತು. ಬೇರೆ ಎಲ್ಲೋ ಶಾರ್ಟ್ ಆಗಿರಬೇಕು ಅಂದವನು, ಆಮೇಲೆ ಆ ಕಾರಿಗೆ ಕೈ ಹಚ್ಚಲಿಲ್ಲ.

ಆಗ ಅಕ್ಕೋರು ಚಂದಗುಳಿಯ ಘಂಟಿಗಣಪತಿಗೆ ಹರಕೆ ಹೊತ್ತರು. ಸದ್ದು ನಿಂತರೆ ಒಂದು ಘಂಟೆ ಕಟ್ಟುತ್ತೇನೆ. ನನಗೆ ಮಾತ್ರ ಹೇಳಿದ್ದರು. ಅದಾಗಿ ವಾರವೂ ಕಳೆದಿರಲಿಲ್ಲ, ಎಂಜಿನ್ ಆಯಿಲ್ ಒಯ್ಯಲು ಬಂದ ಮಾಸ್ತರು ಕೌಂಟರಿನ ಮೇಲೆ ಬಾಗಿ, ತಾನು ಚಂದಗುಳಿಯ ಗಣಪತಿಗೆ ಘಂಟೆ ಹೇಳಿಕೊಂಡಿದ್ದೇನೆ ಅಂದರು. ಅವರ ಹರಕೆ ಬೇರೆ. ತಾನು ಇರುವ ತನಕ ಆ ಸದ್ದು ನಿಲ್ಲಬಾರದು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಂಡ ಹೆಂಡತಿ ಒಂದೇ ದೇವರ ಎರಡು ಕಿವಿಗೆ ಎರಡು ಮಾತು ಹೇಳಿ ಬಂದಿದ್ದರು. "ಹಂಗಾದ್ರೆ ನಿಮ್ಮ ಘಂಟೆ ಕಟ್ಟವ್ರು ಯಾರು ಮಾಸ್ತರೇ?" ಅಂದೆ. ಅವರು ಆ ಲೆಕ್ಕ ಹಾಕಿಯೇ ಇರಲಿಲ್ಲ.

ಒಂದು ದಿನ ಅಕ್ಕೋರು ಇದ್ದಕ್ಕಿದ್ದಂತೆ ತಾನೂ ಕಾರಿನಲ್ಲಿ ಬರುತ್ತೇನೆ ಅಂದರು. ಚಂದಗುಳಿಗೆ ಹೋಗಿ ಕೈ ಮುಗಿದು ಬರೋಣ ಅಂತ. ಅಲ್ಲಿಯವರೆಗೆ ಅದರ ಬಾಗಿಲು ಮುಟ್ಟಿದವರಲ್ಲ. ಜೊತೆಗಿರಲಿ ಅಂತ ನನ್ನನ್ನೂ ಕರೆದರು. ಅಕ್ಕೋರು ಎಡಗಡೆ ಸೀಟಿನಲ್ಲಿ ಕೂತರು, ಬೆಲ್ಟು ಹಾಕಲಿಲ್ಲ. ಮಾಸ್ತರು ಕೀ ಜೇಬಿಗೆ ಹಾಕಿಕೊಳ್ಳಲಿಲ್ಲ. "ನಿಲ್ಲೂದ್ರೊಳಗೆ ಒಂದ್ಸಲ ಹತ್ರ ಕೂತು ಕೇಳವು" ಅಂದರು ಅಕ್ಕೋರು.

ಕಾರು ಹೊರಟಿತು. ಸದ್ದಿಲ್ಲ.

ಬಿಸಿಲು ಚೆನ್ನಾಗಿತ್ತು. ಊರು ದಾಟಿತು, ಸೋಂದಾ ಕ್ರಾಸ್ ದಾಟಿತು, ಸದ್ದಿಲ್ಲ. ಖಾಲಿ ಇದ್ದಾಗ ಯಾರೋ ಇದ್ದಾರೆ ಅನ್ನುತ್ತಿದ್ದ ಸೀಟು, ಮೈತುಂಬಿದ ಹೆಂಗಸು ಕೂತರೆ ಯಾರೂ ಇಲ್ಲ ಅನ್ನುತ್ತಿತ್ತು. ಮಂಚಿಕೇರಿಯ ಆ ತಿರುವು ಬಂದಾಗ ಮಾಸ್ತರ ಎಡಗೈ ಚಾಚಿ, ಹೆಂಡತಿಯ ತೋಳಿಗೆ ತಾಗಿ, ಬೆಚ್ಚಿ ಹಿಂದೆ ಬಂತು. ಬೇಡ್ತಿ ಸೇತುವೆಗೆ ಮುಂಚೆ ಕಾರು ನಿಲ್ಲಿಸಿದರು. ಅಕ್ಕೋರು ತಾವಾಗಿ ಕೆಳಗಿಳಿದು ಬಾಗಿಲು ಹಾಕಿ, ರಸ್ತೆ ಬದಿಗೆ ನಿಂತರು. ಮಾಸ್ತರು ಮತ್ತೆ ಕೀ ತಿರುಗಿಸಿ ನಾಲ್ಕು ಮಾರು ಮುಂದೆ ಓಡಿಸಿದರು. ಕೆಂಪು ಚಿತ್ರ ಬೆಳಗಲಿಲ್ಲ. ಖಾಲಿ ಸೀಟು ಖಾಲಿಯೇ ಆಗಿತ್ತು. ಅವರು ಕೈಯಿಂದ ಸೀಟನ್ನು ತಟ್ಟಿದರು, ಒತ್ತಿದರು, ಬೆಲ್ಟು ಎಳೆದು ಬಿಟ್ಟರು... ಏನೂ ಇಲ್ಲ.

ಅಕ್ಕೋರು ಓಡುತ್ತಾ ಬಂದು ಕಿಟಕಿಗೆ ಕೈ ಊರಿದರು. ನಮ್ಮ ಕಡೆ ಮಗಳಿಗೆ ಕೂಸು ಅನ್ನುವುದು. "ಆನು ಕೂಸಿನ ಮೇಲೇ ಕೂತ್ಬಿಟ್ನ?" ಅಂದರು.

ಮಾಸ್ತರು ಬಾಗಿ ಅವರಿಗೆ ಬಾಗಿಲು ತೆಗೆದರು.

ಆಮೇಲೆ ಆ ಸದ್ದು ಬರಲೇ ಇಲ್ಲ. ಕ್ಲಚ್ಚು, ಫ್ಯಾನು, ಬುಷ್ಷು ಅಂತ ಕೈ ಖಾಲಿ ಮಾಡಿಕೊಂಡು ರಿಪೇರಿ ಮಾಡಿಸಿದ ಮನುಷ್ಯನಿಗೆ, ಸರಿಯಾಗುವುದೇ ಬೇಡ ಅಂದದ್ದೊಂದು ತಾನಾಗಿ ಸರಿಯಾಗಿ ಹೋಗಿತ್ತು. ಒಣಗಿರಬೇಕು, ಭಾರಕ್ಕೆ ಒತ್ತಿ ಕೂತಿರಬೇಕು ಅಂತ ನಾನು ಹೇಳಿದೆ. ಹೇಳುವಾಗ ನನಗೇ ನಂಬಿಕೆ ಇರಲಿಲ್ಲ.

ಈಗ ಹರಕೆ ತೀರಿಸಬೇಕಲ್ಲ. ಬೇಡಿದ್ದು ಆಗಿದೆ, ಘಂಟೆ ಕಟ್ಟದೆ ಬಿಡುವ ಹಾಗಿಲ್ಲ. ನಮ್ಮ ಕಡೆ ದೇವರ ಹತ್ತಿರ ಮನಸ್ಸು ಬದಲಾಯಿತು ಅಂತ ಹೇಳುವ ಪದ್ಧತಿ ಇಲ್ಲ. ಅಕ್ಕೋರು ಮಾಸ್ತರ ಹತ್ತಿರ ಎಲ್ಲ ಹೇಳಿಕೊಂಡರು. ಹಿತ್ತಾಳೆ ಅಂಗಡಿಯಲ್ಲಿ ಘಂಟೆ ಆರಿಸಿದವರು ಮಾಸ್ತರೇ, ಒಂದೊಂದನ್ನೂ ಬಾರಿಸಿ ನೋಡಿ ಆರಿಸಿದರು. ಚಂದಗುಳಿಯಲ್ಲಿ, ಸಾವಿರಾರು ಘಂಟೆಗಳ ಮಧ್ಯೆ, ಅಕ್ಕೋರ ಕೈ ಮೇಲೇಳಲಿಲ್ಲ. ಮಾಸ್ತರು ಅವರ ಕೈಯಿಂದ ತೆಗೆದುಕೊಂಡು, ಮಗಳು ಆ ಸೀಟಿನಿಂದಲೂ ಎದ್ದು ಹೋದದ್ದಕ್ಕೆ ದೇವರಿಗೆ ಸಲ್ಲಬೇಕಾದ ಘಂಟೆಯನ್ನು ತಾವೇ ಕಟ್ಟಿದರು. ಗಂಟು ಬಿಗಿಯಾಗಿದೆಯೋ ಅಂತ ಎರಡು ಸಲ ಎಳೆದು ನೋಡಿದರು. ಹೆಂಡತಿಗೆ ಒಂದು ಬಿರುಸು ಮಾತು ಆಡಿದ್ದು ನಾನು ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಮುಂದಿನ ವರ್ಷ ಮಾಸ್ತರು ಮಲಗಿದ್ದಲ್ಲೇ ಹೋದರು.

ಅವರಿಲ್ಲದೆ ಈಗ ಬಹಳ ಕಾಲವಾಯಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ನನಗೆ ಅವರ ನೆನಪು ಕಾಡುತ್ತದೆ. ಕಾರು ಅಕ್ಕೋರ ಶೆಡ್ಡಿನಲ್ಲೇ ಇದೆ. ಟಯರು ಕೂತುಹೋಗಿದೆ, ಮಾರುವುದಿಲ್ಲ. ಮೊನ್ನೆ ಆ ವಾಸನೆಯ ಕಾರು ಹೋದ ಮೇಲೆ, ಸಂಜೆ ಅಂಗಡಿ ಬಾಗಿಲು ಹಾಕಿ ಅಕ್ಕೋರ ಮನೆಗೆ ಹೋದೆ. ಚಾ ಕೊಟ್ಟರು. ಅದೂ ಇದೂ ಮಾತಾಡಿ, ನಾನು ಎದ್ದಾಗ ಗೇಟಿನವರೆಗೂ ಬಂದರು.

"ತಂಗಿ, ಸೀಟಿನೊಳಗಿನ ಆ ಹಾಸು... ಹಾಳಾದ್ದು ಎಲ್ಲಾದ್ರೂ ಸಿಗ್ತಾ?"

ಇಷ್ಟು ವರ್ಷದ ವ್ಯಾಪಾರದಲ್ಲಿ ಹಾಳಾದ ಸಾಮಾನು ಬೇಕು ಅಂತ ಕೇಳಿದವರು ಅವರೊಬ್ಬರೇ. ಹುಬ್ಬಳ್ಳಿಯ ಗುಜರಿಯವರನ್ನು ಕೇಳಿ ನೋಡುತ್ತೇನೆ ಅಂದೆ.